ಅರಮನೆಗೆ ಹಿತ್ತಲ ಕಡೆಯಿಂದ ಹೋದೆವು

ಅಮೆರಿಕದ ವರ್ಜೀನಿಯಾದಲ್ಲಿರುವ, ಬ್ರಿಟಿಷ್ ಕಾಲದ ಊರನ್ನೇ ಮ್ಯೂಸಿಯಂ ಮಾಡಿಟ್ಟಿರುವ ವಿಲಿಯಮ್ಸ್‌ಬರ್ಗ್‌ಗೆ ಹೋದವರು ಸಾಮಾನ್ಯವಾಗಿ ಗವರ್ನರ್ ಅರಮನೆಯನ್ನು ಮುಂಬಾಗಿಲಿನಿಂದ ನೋಡಲು ಶುರು ಮಾಡುತ್ತಾರೆ. ಗೋಡೆ ತುಂಬ ಬಂದೂಕು, ಕತ್ತಿ ಜೋಡಿಸಿಟ್ಟ ಹಜಾರ ಅದು. ಪುತ್ತೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋದಾಗ ಆ ಹಜಾರವನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಮೊದಲು ನೇರ ಅಡುಗೆಮನೆಗೆ ಹೋದೆವು. ಬ್ರಿಟಿಷ್ ಕಾಲದ ಮನೆ ಹೇಗೆ ನಡೆಯುತ್ತಿತ್ತು ಅಂತ ತಿಳಿಯಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಡುಗೆಮನೆ ಅಲ್ಲಿ ಬೇರೆಯದೇ ಕಟ್ಟಡ. ಬೆಂಕಿಯ ಭಯ, ಸೆಕೆ, ವಾಸನೆ, ಕೆಲಸದವರ ಓಡಾಟ ಎಲ್ಲವೂ ದೊರೆಯ ಕೋಣೆಗಳಿಂದ ದೂರ ಇರಲಿ ಅಂತ ಹಾಗೆ ಕಟ್ಟುತ್ತಿದ್ದರು. ಒಳಗೆ ಗೋಡೆಯಲ್ಲೇ ದೊಡ್ಡ ಒಲೆ. 18ನೇ ಶತಮಾನದ ಉಡುಪು ತೊಟ್ಟವರು ಅಲ್ಲಿ ನಿಜವಾಗಿಯೂ ಅಡುಗೆ ಮಾಡುತ್ತಾರೆ. ಉರಿಯ ಮೇಲೆ ಪಾತ್ರೆ ಇಡುವುದು ಕಡಿಮೆ. ಕೆಂಡವನ್ನು ಮುಂದಕ್ಕೆ ಎಳೆದು, ಒಲೆಯ ಮುಂದಿನ ಹಾಸಿನ ಮೇಲೆ ಸಣ್ಣ ಗುಡ್ಡೆ ಮಾಡಿ, ಅದರ ಮೇಲೆ ಕಬ್ಬಿಣದ ಮುಕ್ಕಾಲಿ ಇಡುತ್ತಾರೆ. ಉರಿ ಜಾಸ್ತಿ ಬೇಕೆಂದರೆ ಇನ್ನಷ್ಟು ಕೆಂಡ, ಸಾಕೆಂದರೆ ಸ್ವಲ್ಪ ಆಚೆಗೆ. ಬೇಕ್ ಮಾಡುವ ಪಾತ್ರೆಯ ಮುಚ್ಚಳಕ್ಕೆ ಅಂಚು ಇರುತ್ತದೆ, ಅದರ ಮೇಲೂ ಕೆಂಡ ಹರಡುತ್ತಾರೆ.

ಅಮ್ಮ ಅದನ್ನು ನೋಡಿದ್ದೇ ನನ್ನ ಕೈ ಹಿಡಿದರು. "ಇದು ನಮ್ಮ ಕೆಂಡದಡ್ಯೆಯ ಹಾಗೆಯೇ ಅಲ್ವಾ! ಮೇಲೆ ಎಷ್ಟು ಕೆಂಡ, ಕೆಳಗೆ ಎಷ್ಟು, ಕೇಳು ಮಾರಾಯ್ತಿ."

ಕೆಂಡದಡ್ಯೆ ಅಂದರೆ ಮೇಲೂ ಕೆಳಗೂ ಕೆಂಡ ಇಟ್ಟು ಬೇಯಿಸುವ ನಮ್ಮೂರ ತಿಂಡಿ. ಅಡುಗೆಯವರನ್ನು ಕೇಳಿದೆ. ಮೇಲೆ ಜಾಸ್ತಿ, ಕೆಳಗೆ ಕಡಿಮೆ, ಇಲ್ಲದಿದ್ದರೆ ತಳ ಹಿಡಿಯುತ್ತದೆ ಅಂದರು. ಕೊಕ್ಕೆಯಿಂದ ಮುಚ್ಚಳ ಎತ್ತಿ, ಬೂದಿ ಒಳಗೆ ಬೀಳದ ಹಾಗೆ ಓರೆ ಮಾಡದೆ ಪಕ್ಕಕ್ಕಿಟ್ಟರು. ಅಮ್ಮ ತಲೆಯಾಡಿಸಿದರು. ಗುಂಪು ಬಂದು ಹೋಗುವವರೆಗೆ ಕಾಯ್ದರೆ ಇಂಥ ಮಾತುಕತೆ ಸಿಗುತ್ತದೆ. ರುಚಿ ನೋಡಲು ಮಾತ್ರ ಕೊಡುವುದಿಲ್ಲ.

ವೇಷ ತೊಟ್ಟವರಲ್ಲಿ ಎರಡು ಬಗೆ. ಅಡುಗೆಯವರು, ಕಮ್ಮಾರರು ಇಂದಿನವರಾಗಿಯೇ ಮಾತಾಡುತ್ತಾರೆ, ಏನು ಬೇಕಾದರೂ ಕೇಳಬಹುದು. ಇನ್ನು ಕೆಲವರು ಆ ಕಾಲದ ಒಬ್ಬ ವ್ಯಕ್ತಿಯೇ ಆಗಿರುತ್ತಾರೆ. ಅವರ ಹತ್ತಿರ ಆ ಕಾಲದ ಮಾತನ್ನೇ ಆಡಬೇಕು, ಆಗಲೇ ಚೆಂದ.

ಅಡುಗೆಮನೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಈ ನೀರು ಹೊತ್ತವರು, ಸೌದೆ ಒಡೆದವರು ಯಾರು? 1775ರ ಹೊತ್ತಿಗೆ ಈ ಊರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನರು. ಅವರಲ್ಲಿ ಹೆಚ್ಚಿನವರು ಗುಲಾಮರು. ಇದನ್ನು ತಿಳಿದು ಅರಮನೆಯೊಳಗೆ ಹೋದಾಗ ಬೆಳ್ಳಿ ಪಾತ್ರೆ, ರೇಷ್ಮೆ ಪರದೆಗಳನ್ನು ಸುಮ್ನೆ ನೋಡಿ ಮುಂದೆ ಹೋಗಲು ಆಗಲಿಲ್ಲ. ಪ್ರತಿಯೊಂದನ್ನೂ ಯಾರೋ ತಿಕ್ಕಿ, ಒಗೆದು, ಹೊತ್ತು ತಂದಿದ್ದರು.

ಅರಮನೆ ಮೂಲ ಕಟ್ಟಡ ಅಲ್ಲ. ಅದು 1781ರಲ್ಲಿ ಸುಟ್ಟುಹೋಯಿತು. ನೆಲ ಅಗೆದು ಅಡಿಪಾಯ ಹುಡುಕಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಬರೆದಿಟ್ಟಿದ್ದ ನಕ್ಷೆಯನ್ನೂ ನೋಡಿ, ಮತ್ತೆ ಕಟ್ಟಿ 1934ರಲ್ಲಿ ತೆರೆದರು. ಲಾರ್ಡ್ ಬಾಟಟಾಟ್ ಎಂಬ ಗವರ್ನರ್ 1770ರಲ್ಲಿ ತೀರಿಕೊಂಡಾಗ ಮನೆಯ ಸಾಮಾನನ್ನೆಲ್ಲ ಪಟ್ಟಿ ಮಾಡಿದ್ದರು. ಕೋಣೆಗಳಲ್ಲಿ ಸಾಮಾನು ಜೋಡಿಸಲು ಆ ಪಟ್ಟಿಯೇ ಆಧಾರ.

ಸುಟ್ಟುಹೋಗುವಾಗ ಅರಮನೆ, ಅಮೆರಿಕನ್ನರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಜೊತೆ ಹೋರಾಡಿದ ಯಾರ್ಕ್‌ಟೌನ್ ಯುದ್ಧದ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಯಾರ್ಕ್‌ಟೌನ್‌ನಲ್ಲಿ ಶರಣಾದ ಸೈನ್ಯ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನದು. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ. ಇದನ್ನು ಹೇಳಿದಾಗ ಅಮ್ಮ ನಿಂತುಬಿಟ್ಟರು. "ಇಲ್ಲಿ ಸೋತವನು ಅಲ್ಲಿಗೆ ಬಂದನಾ?" ತೋಟದಲ್ಲಿ ಆ ಆಸ್ಪತ್ರೆಯಲ್ಲಿ ಸತ್ತ ಸೈನಿಕರ ಸಮಾಧಿಗಳಿವೆ. ಅಲ್ಲಿಗೂ ಹೋದೆವು.

ಹಿರಿಯರ ಜೊತೆ ಹೋಗುವವರಿಗೆ ಒಂದು ಮಾತು. ಬೀದಿಯಲ್ಲಿ ಓಡಾಡಲು ದುಡ್ಡು ಬೇಡ, ಮನೆಗಳ ಒಳಗೆ ಹೋಗಲು ಟಿಕೆಟ್ ಬೇಕು. ಮುಖ್ಯ ಬೀದಿಯೇ ಸುಮಾರು ಒಂದೂವರೆ ಕಿಲೋಮೀಟರ್ ಇದೆ, ಹಾಗಾಗಿ ಒಳ್ಳೆಯ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ. ಆ ದಿನ ಎಲ್ಲಿ ಒಲೆ ಹೊತ್ತಿಸುತ್ತಾರೆ ಅಂತ ಟಿಕೆಟ್ ಕೊಡುವಲ್ಲಿ ಬೆಳಿಗ್ಗೆಯೇ ಕೇಳಿಕೊಂಡು, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ.