ರಾಗ ಕೇಳಿ, ಡಬ್ಬಿ ಹುಡುಕಿ: ಸಂಗೀತದ ಜಿಯೋಕ್ಯಾಶ್ ಒಗಟು ಕಟ್ಟುವುದು ಹೇಗೆ

ನಮ್ಮ ಕರ್ನಾಟಕ ಸಂಗೀತದಲ್ಲಿ ರಾಗದ ಹೆಸರೊಳಗೇ ಅಂಕಿ ಕೂತಿದೆ. ಜಿಯೋಕ್ಯಾಶಿಂಗ್ ಆಟಕ್ಕೆ ಬೇಕಾಗಿರುವುದೂ ಅಂಕಿಯೇ. ಇವೆರಡನ್ನೂ ಜೋಡಿಸಿದರೆ ಬಹಳ ಚೆಂದದ ಒಗಟು ಆಗುತ್ತದೆ. ನಾನು ಶಿವಮೊಗ್ಗದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಪಾಠ ಹೇಳುತ್ತೇನೆ. ಮೇಳಕರ್ತ, ಅಂದರೆ ಉಳಿದ ರಾಗಗಳಿಗೆ ತಾಯಿಯಂತಿರುವ ರಾಗಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಬೇಜಾರು ಪಡುವ ಮಕ್ಕಳು ಡಬ್ಬಿ ಸಿಗುತ್ತದೆ ಅಂದರೆ ತಾವೇ ಕೂತು ಕಲಿಯುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಡುತ್ತಾರೆ. ಇದು ಶುರುವಾದದ್ದು 2000ದ ಮೇ ತಿಂಗಳಲ್ಲಿ, ಅಮೆರಿಕದ ಆರೆಗಾನ್‌ನಲ್ಲಿ. ಒಗಟಿನ ಬಗೆಯಲ್ಲಿ ನಕ್ಷೆಯ ಗುರುತು ಸುಮ್ನೆ ತೋರಿಕೆಗೆ. ನಿಜವಾದ ಜಾಗ ಅಲ್ಲಿಂದ ಸುಮಾರು 3 ಕಿಲೋಮೀಟರ್ ಒಳಗಿರಬೇಕು. ಒಗಟು ಬಿಡಿಸಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಈಗ ಅಂಕಿಯ ವಿಷಯ. 72 ಮೇಳಕರ್ತ ರಾಗಗಳಿಗೆ ಕಟಪಯಾದಿ ಲೆಕ್ಕದಲ್ಲಿ, ಅಂದರೆ ಅಕ್ಷರಕ್ಕೊಂದು ಅಂಕಿ ಹಿಡಿಯುವ ಲೆಕ್ಕದಲ್ಲಿ, ಹೆಸರಿದೆ. ಕ ದಿಂದ ಝ ತನಕ 1ರಿಂದ 9, ಞ ಗೆ ಸೊನ್ನೆ. ಟ ದಿಂದ ಧ ತನಕ ಮತ್ತೆ 1ರಿಂದ 9, ನ ಗೆ ಸೊನ್ನೆ. ಪ ಫ ಬ ಭ ಮ ಅಂದರೆ 1ರಿಂದ 5. ಯ ರ ಲ ವ ಶ ಷ ಸ ಹ ಅಂದರೆ 1ರಿಂದ 8. ರಾಗದ ಮೊದಲ ಎರಡು ಅಕ್ಷರ ತಗೊಳ್ಳಿ. ಅವುಗಳ ಅಂಕಿ ಬರೆದು ತಿರುಗಿಸಿ. ಮಾಯಾಮಾಳವಗೌಳದಲ್ಲಿ ಮ 5, ಯ 1. ತಿರುಗಿಸಿದರೆ 15, ಅದು 15ನೇ ಮೇಳ.

ಆದರೆ ರಾಗದ ಹೆಸರನ್ನೇ ಬರೆದು ಕೊಟ್ಟರೆ ಅದು ಒಗಟಲ್ಲ, ಬರೀ ಕೂಡೋ ಲೆಕ್ಕ. ಕೇಳಿಸಬೇಕು. ಕಿವಿಯಿಂದಲೇ ಉತ್ತರ ಬರಬೇಕು ಅನ್ನುವುದು ನನ್ನ ಹಟ. ಸಾಹಿತ್ಯ ಬಿಟ್ಟು, ಬರೀ ‘ಆ’ ಅಂತ ಅಕಾರದಲ್ಲಿ ಹಾಡಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಕೆಳಗೆ ತಂಬೂರಿ ಶ್ರುತಿ ಇರಲಿ, ಇಲ್ಲದಿದ್ದರೆ ಕೇಳುವವರಿಗೆ ಷಡ್ಜವೇ (ಆಧಾರದ ‘ಸ’ ಸ್ವರ) ಸಿಗುವುದಿಲ್ಲ. ತಾಳವನ್ನು ಕೈಯಲ್ಲಿ ಕೇಳಿಸುವಂತೆ ಹಾಕಿ.

ಶಿವಮೊಗ್ಗ ಊರಿನ ಒಳಗೆ ಉತ್ತರ 13 ಡಿಗ್ರಿ 55 ಮಿನಿಟು, ಪೂರ್ವ 75 ಡಿಗ್ರಿ 34 ಮಿನಿಟು ಅಂತ ಇಟ್ಟುಕೊಳ್ಳೋಣ. ಮಿನಿಟಿನ ಚುಕ್ಕಿಯ ಆಚೆ ಮೂರು ಮೂರು ಅಂಕಿ ಬೇಕು. ಮೊದಲು ‘ಕೆರೆಯ ನೀರನು’ ಗೀತೆ ಹಾಡಿ. ರಾಗ ಮಲಹರಿ, ಪಾಠದಲ್ಲಿ ಅದು 15ನೇ ಮೇಳದ ಜನ್ಯ (ಅದರಿಂದ ಹುಟ್ಟಿದ ರಾಗ) ಅಂತಲೇ ಎಲ್ಲರಿಗೂ ಹೇಳಿಕೊಡುವುದು. ತಾಳ ತ್ರಿಪುಟ, 7 ಅಕ್ಷರ (ತಾಳದ ಎಣಿಕೆ). ಮೇಳದ ಅಂಕಿಯ ಪಕ್ಕ ತಾಳದ ಅಂಕಿ ಬರೆದರೆ ಸಿಕ್ಕಿದ್ದು 157. ಆಮೇಲೆ ‘ಚಕ್ಕನಿ ರಾಜ’ ಕೃತಿಯ ಪಲ್ಲವಿ. ಖರಹರಪ್ರಿಯ 22, ಆದಿತಾಳ 8. ಸಿಕ್ಕಿದ್ದು 228. ಒಂದು ಮಗುವಿಗೂ ಗೊತ್ತಿರುವ ಗೀತೆ, ಇನ್ನೊಂದು ಸ್ವಲ್ಪ ಕಚೇರಿ ಕೇಳಿದವರಿಗೆ. ಹೀಗೆ ಇದ್ದರೆ ಮನೆಮಂದಿ ಒಟ್ಟಿಗೆ ಕೂತು ಬಿಡಿಸಬಹುದು, ಅಲ್ವಾ?

ಜಾಗ ಮೊದಲು, ರಾಗ ಆಮೇಲೆ. ರಾಗದ ಅಂಕಿ ಹೇಳಿದ ಕಡೆ ಡಬ್ಬಿ ಇಡಲು ಹೋದರೆ ಅದು ಯಾರದೋ ಹಿತ್ತಲಾಗಬಹುದು, ತುಂಗೆಯ ನಡುವೂ ಆಗಬಹುದು. ಮೇಳ 72ಕ್ಕೇ ಮುಗಿಯುವುದರಿಂದ ಎಲ್ಲ ಜಾಗಕ್ಕೂ ಅಂಕಿ ಹೊಂದುವುದೂ ಇಲ್ಲ. ಅದಕ್ಕೆ ಕೂಡುವ, ಕಳೆಯುವ ಸಂಖ್ಯೆಯನ್ನು ಒಗಟಿನಲ್ಲೇ ಕೊಟ್ಟುಬಿಡಿ. 157ಕ್ಕೆ 640 ಕೂಡಿಸಿ ಅಂದರೆ 797. 228ರಲ್ಲಿ 136 ಕಳೆಯಿರಿ ಅಂದರೆ 092. ಜಾಗ 13 ಡಿಗ್ರಿ 55.797, 75 ಡಿಗ್ರಿ 34.092 ಆಯಿತು. (ಇದು ಲೆಕ್ಕ ತೋರಿಸಲು ಮಾತ್ರ. ಅಲ್ಲಿ ಡಬ್ಬಿ ಇಲ್ಲ, ಹುಡುಕಬೇಡಿ.)

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಕೊನೆಯ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ನೆಲದ ಮೇಲೆ 2 ಮೀಟರಿಗೂ ಕಡಿಮೆ. ಮೇಳ ಒಂದು ತಪ್ಪಿದರೆ ಅದರ ಹತ್ತರಷ್ಟು, ಸುಮಾರು 18 ಮೀಟರ್. ಖರಹರಪ್ರಿಯದ ಕೈಶಿಕಿ ನಿಷಾದವನ್ನು (ಕೆಳಗಿನ ‘ನಿ’) ಕಾಕಲಿ (ಮೇಲಿನ ‘ನಿ’) ಅಂತ ಕೇಳಿಸಿಕೊಂಡರೆ ಅದು ಗೌರಿಮನೋಹರಿ, 23. ಒಂದು ಸ್ವರ ತಪ್ಪಿದವರು 18 ಮೀಟರ್ ಆಚೆ ಪೊದೆ ಹುಡುಕುತ್ತಿರುತ್ತಾರೆ! ಪಾಪ, ಅವರಿಗೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಹಾಗಾಗಿ ತಾಳೆ ನೋಡಲು ಒಂದು ಮೊತ್ತ ಕೊಡಿ. ನಮ್ಮ ಆರು ಅಂಕಿ 1, 5, 7, 2, 2, 8. ಕೂಡಿದರೆ 25.

ಯಾವುದು ಬೇಡ ಅಂತಲೂ ಹೇಳುತ್ತೇನೆ. ಹಂಸಧ್ವನಿ, ಮೋಹನ ಬೇಡ. ಅವುಗಳಲ್ಲಿ ಮಧ್ಯಮವೇ (‘ಮ’ ಸ್ವರ) ಇಲ್ಲ, ಯಾವ ಮೇಳ ಅಂತ ವಾದಕ್ಕೆ ಜಾಗ ಉಳಿಯುತ್ತದೆ. ರೂಪಕ ತಾಳ ಬೇಡ. ಪಾಠದಲ್ಲಿ 6 ಎಣಿಸುತ್ತೇವೆ, ಕಚೇರಿಯಲ್ಲಿ 3 ಚಪ್ಪಾಳೆಯ ಲೆಕ್ಕ ನಡೆಯುತ್ತದೆ. ದೇವರನಾಮ ನನಗೆ ಪ್ರಾಣ, ಆದರೂ ಇಲ್ಲಿಗೆ ಬೇಡ, ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ನಠಭೈರವಿ ಹಾಕಿದರೆ ಠ ಅಂತ ಸುಳಿವು ಕೊಡಿ. ಅದು 20. ಟ ಅಂತ ಬರೆದುಕೊಂಡವರಿಗೆ 10 ಬರುತ್ತದೆ, ಅದು ನಾಟಕಪ್ರಿಯ. ಕಲ್ಯಾಣಿಗೆ ಮುಂದೆ ‘ಮೇಚ’, ಶಂಕರಾಭರಣಕ್ಕೆ ‘ಧೀರ’, ತೋಡಿಗೆ ‘ಹನುಮ’ ಸೇರಿದರೆ ಮಾತ್ರ ಲೆಕ್ಕ ಸರಿ: 65, 29, 8. ಎರಡನೇ ಅಕ್ಷರ ಒತ್ತಕ್ಷರವಾದರೆ ಇನ್ನೂ ತೊಡಕು. ಧರ್ಮವತಿಯಲ್ಲಿ ಮ ತಗೊಂಡು 59, ಚಕ್ರವಾಕದಲ್ಲಿ ಕ ತಗೊಂಡು 16. ಹೊಸಬರಿಗೆ ಇಂಥದ್ದು ಹಾಕಬೇಡಿ.

ಡಬ್ಬಿ ಇಡುವ ಕೆಲಸ ಸುಲಭ, ಆದರೆ ಇದು ಮಲೆನಾಡು. ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಲಾಕ್ ಆಗುವ ಡಬ್ಬಿಯೇ ಬೇಕು. ಪುಸ್ತಕವನ್ನು ಜಿಪ್ ಕವರ್‌ನಲ್ಲಿ ಹಾಕಿ. ಪೆನ್ ಬೇಡ, ಪೆನ್ಸಿಲ್ ಇಡಿ. ತಿಂಡಿ ಇಟ್ಟರೆ ಇರುವೆ, ಮಂಗ ಎರಡೂ ಬರುತ್ತವೆ. ಜಾಗದ ಮಾಲೀಕರ ಅನುಮತಿ ಇಲ್ಲದೆ ನೆಲ ಅಗೆದು ಹೂಳುವುದು ಆಟದ ನಿಯಮಕ್ಕೇ ವಿರುದ್ಧ. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು. ಶೆಟ್ಟಿಹಳ್ಳಿ ಅಭಯಾರಣ್ಯದ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ, ದೇವಸ್ಥಾನದ ಗೋಡೆಯ ಸಂದಿಗೂ ಕೈ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸ ಡಬ್ಬಿ ಇಡುವುದೇ ಬೇಡ ಅನ್ನುತ್ತೇನೆ. ಇಂಬಳ (ಜಿಗಣೆ), ಜಾರುವ ದಡ, ಮಕ್ಕಳನ್ನು ಕರೆದುಕೊಂಡು ಹೋಗುವ ಕಾಲವಲ್ಲ ಅದು. ದಸರಾ ರಜೆಯಲ್ಲಿ ಇಡಿ. ಇಡುವ ಮುಂಚೆ ಸಂಗೀತ ಗೊತ್ತಿರುವ ಸ್ನೇಹಿತರೊಬ್ಬರಿಗೆ ರೆಕಾರ್ಡಿಂಗ್ ಕೇಳಿಸಿ. ಅವರು ಬರೆದ ಆರು ಅಂಕಿ ನಿಮ್ಮದಕ್ಕೆ ತಾಳೆಯಾದರೆ ಡಬ್ಬಿ ತಗೊಂಡು ಹೊರಡಿ.