ಬಳ್ಳಿಗಾವಿಯ ಶಾಸನದ ಪಕ್ಕದಲ್ಲಿಟ್ಟು ಅಲ್ಲಮನನ್ನು ಓದಿದ್ದು

ದಾರ್ಶನಿಕನ ಮಾತನ್ನು ಅವನ ಕಾಲದ ಸಂಸ್ಥೆಗಳು, ಎದುರಾಳಿಗಳು, ಆಶ್ರಯದಾತರು ಇವರ ನಡುವೆ ಇಟ್ಟು ಅರ್ಥೈಸುವ ಕ್ರಮವನ್ನು ನಾನು ಪುಸ್ತಕಗಳಿಂದ ತಿಳಿದಿದ್ದೆನಾದರೂ, ಅದು ಕೈಗೆ ಹತ್ತಿದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳನ್ನು ಓದತೊಡಗಿದ ಮೇಲೆ. ಶಿವಮೊಗ್ಗದಲ್ಲಿ ತತ್ತ್ವಶಾಸ್ತ್ರ ಬೋಧಿಸುವ ನನಗೆ ಅಲ್ಲಮಪ್ರಭು ಹೊಸಬನಲ್ಲ. ಬಳ್ಳಿಗಾವಿ ಅವನ ಊರೆಂದು ಪರಂಪರೆ ಹೇಳುತ್ತದೆ.

ಕಳಚುರಿ ದೊರೆ ಬಿಜ್ಜಳನ ಕಾಲದ, 1162ರ ಶಾಸನವೊಂದು ಅಲ್ಲಿನ ಕಾಳಾಮುಖರೆಂಬ ಶೈವ ಪಂಥದವರ ಕೋಡಿಯ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದಗಳು, ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧವೇ ಮೊದಲಾದ ದರ್ಶನಗಳು, ಪುರಾಣಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದವು. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಇದೆಲ್ಲ ನಡೆದದ್ದು ದತ್ತಿಯ ಬಲದಿಂದ. ನಾನು ಈ ಪಟ್ಟಿಯನ್ನು ಹಾಳೆಯ ಎಡಕ್ಕೆ ಬರೆದು, ಬಲಕ್ಕೆ ಅಲ್ಲಮನ ಒಂದು ವಚನವನ್ನು ಸಾಲುಸಾಲಾಗಿ ಬಿಡಿಸಿಟ್ಟೆ. ವೇದ ಅವನಿಗೆ ಓದಿನ ಮಾತು, ಶಾಸ್ತ್ರ ಸಂತೆಯ ಸುದ್ದಿ, ಪುರಾಣ ಪುಂಡರ ಗೋಷ್ಠಿ, ತರ್ಕ ತಗರ ಹೋರಟೆ, ಅಂದರೆ ಟಗರುಗಳ ಕಾಳಗ. (ನಮ್ಮ ವಿಚಾರ ಸಂಕಿರಣಗಳಲ್ಲಿ ಕುಳಿತೆದ್ದವರಿಗೆ ಕೊನೆಯದನ್ನು ವಿವರಿಸಬೇಕಾಗಿಲ್ಲ.) ಅದುವರೆಗೆ ಕಾಲದೇಶಗಳಿಲ್ಲದ ಜ್ಞಾನನಿರಾಕರಣೆಯಂತೆ ತೋರುತ್ತಿದ್ದ ವಚನ, ಪ್ರತಿಷ್ಠೆಯೂ ಭೂಮಿಯೂ ಇದ್ದ ಒಂದು ಪಾಠಕ್ರಮಕ್ಕೆ ಕೊಟ್ಟ ಉತ್ತರದಂತೆ ಕೇಳಿಸತೊಡಗಿತು. ವಿಚಾರಗಳು ಒಂಟಿ ಮನಸ್ಸಿನಲ್ಲಲ್ಲ, ಗುರುಶಿಷ್ಯರ ಮತ್ತು ಪ್ರತಿಸ್ಪರ್ಧಿಗಳ ಜಾಲದಲ್ಲಿ ಹುಟ್ಟುತ್ತವೆ ಎಂದು ರ‍್ಯಾಂಡಲ್ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞ 1998ರಲ್ಲಿ ವಾದಿಸಿದ್ದರ ತಿರುಳು ನನಗೆ ಇಲ್ಲಿ ದಕ್ಕಿತು.

ಆದರೆ ಎರಡೂ ಒಂದೇ ಊರಿನವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮಠವು ಅಲ್ಲಮನನ್ನು ರೂಪಿಸಿತು ಎಂದು ನಾನು ಹೇಳುವುದಿಲ್ಲ. ಅವನ ಕೇಳುಗರಿಗೆ ಆ ಪಟ್ಟಿ ಯಾವುದೆಂದು ಗೊತ್ತಿತ್ತು ಎಂದಷ್ಟೇ ಹೇಳುತ್ತೇನೆ.

ಅಲ್ಲಮನ ಬದುಕಿನ ಕಥೆಗೂ ಇದೇ ಎಚ್ಚರ ಬೇಕು. ರಗಳೆಗಳ ಕವಿ ಹರಿಹರನಲ್ಲಿ ಅವನು ಕಮಲತೆಯನ್ನು ಪ್ರೀತಿಸಿ, ಅವಳ ಸಾವಿನಿಂದ ಕಂಗೆಟ್ಟವನು. ಹದಿನೈದನೆಯ ಶತಮಾನದ ಕವಿ ಚಾಮರಸನಲ್ಲಿ ಮಾಯೆ ಸೋಕಲಾಗದವನು. ಈ ವ್ಯತ್ಯಾಸ ಅಲ್ಲಮನಿಗಿಂತ ಹೆಚ್ಚಾಗಿ, ವಿಜಯನಗರದ ಕಾಲದಲ್ಲಿ ತನ್ನ ಪರಂಪರೆಯನ್ನು ಕಟ್ಟಿಕೊಳ್ಳುತ್ತಿದ್ದ ವೀರಶೈವ ಸಮುದಾಯದ ಬಗ್ಗೆ ತಿಳಿಸುತ್ತದೆ. ಆದ್ದರಿಂದ ವಚನ ನುಡಿದವನ ಕಾಲವನ್ನೂ ಅವನ ಮಾತು-ಕಥೆಗಳನ್ನು ಸಂಕಲಿಸಿದವರ ಕಾಲವನ್ನೂ ಬೇರೆಬೇರೆಯಾಗಿ ಓದುತ್ತೇನೆ.

ಇಷ್ಟಾದರೂ ವಚನ ಮುಗಿಯುವುದಿಲ್ಲ. ಮುಂದಿನ ಸಾಲು ಭಕ್ತಿಯನ್ನೂ 'ತೋರಿ ಉಂಬ ಲಾಭ' ಎನ್ನುತ್ತದೆ. ಅಂದರೆ ಏಟು ತನ್ನವರಿಗೇ ಬೀಳುತ್ತದೆ. ಶರಣರ ಕೂಟದಲ್ಲೂ ತೋರಿಕೆಗೆ ಬೆಲೆ ಬಂದಿತ್ತು ಎಂದು ಸಮಾಜಶಾಸ್ತ್ರ ಇದನ್ನೂ ವಿವರಿಸಬಹುದು, ಅದನ್ನು ಒಪ್ಪುತ್ತೇನೆ. ಜರ್ಮನ್ ದಾರ್ಶನಿಕ ಹೈಡೆಗರ್‌ನನ್ನು ಕುರಿತು ಬರೆಯುವಾಗ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೊ ಪಠ್ಯವನ್ನು ಸಂದರ್ಭದಲ್ಲಿ ಕರಗಿಸುವುದನ್ನೂ, ಸಂದರ್ಭದಿಂದ ಬಿಡಿಸಿ ಪೂಜಿಸುವುದನ್ನೂ ಒಟ್ಟಿಗೇ ನಿರಾಕರಿಸಿದ್ದು ಇಂಥಲ್ಲಿ ನೆರವಾಗುತ್ತದೆ. ಅಲ್ಲಮನ ಅಂಕಿತವಾದ ಗುಹೇಶ್ವರನನ್ನು 'ಮೀರಿದ ಘನ' ಎನ್ನುವ ಕೊನೆಯ ಸಾಲಿಗೆ ಬಂದಾಗ ಮಾತ್ರ, ಇದು ಯಾರ ಹಿತಕ್ಕೆ ಎಂದು ಕೇಳುವುದನ್ನು ನಿಲ್ಲಿಸಿ, ಎಲ್ಲ ಮಾತನ್ನೂ ಸುದ್ದಿಯೆಂದು ತಳ್ಳಿದ ಈ ವಚನವು ತಾನೇ ಮತ್ತೊಂದು ಸುದ್ದಿಯಾಗದೆ ಉಳಿಯಬಲ್ಲುದೇ ಎಂದು ವಿದ್ಯಾರ್ಥಿಗಳನ್ನು ಕೇಳುತ್ತೇನೆ.