ನಮ್ಮೂರ ಶಾಲೆಯ ಕಾವಿ ಗೋಡೆ ಎರಡು ಮಳೆಗಾಲ ದಾಟಿತು

ಕಾವಿ ಅಂದರೆ ಬಿಳಿ ಗಾರೆಯ ಮೇಲೆ ಕೆಂಪು ಹಚ್ಚಿ, ಕೆರೆದು ಮಾಡುವ ಗೋಡೆಚಿತ್ರ. ಕಳೆದ ವಾರ ಶಾಲೆಗೆ ಹೋಗಿ, ನಾನು ಮಾಡಿದ ಆ ಗೋಡೆಗೆ ಉಗುರು ಎಳೆದು ನೋಡಿದೆ. ಪುಡಿ ಉದುರಲಿಲ್ಲ. "ತಮಾ, ಒಂದೇ ಮಳೆಗೆ ತೊಳ್ಕಂಡು ಹೋಗ್ತದೆ, ದುಡ್ಡು ಹಾಳು ಮಾಡಬೇಡ" ಅಂದಿದ್ದ ಮೇಸ್ತ್ರಿಗಳನ್ನೇ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರೂ ಉಗುರು ಎಳೆದು ನೋಡಿದರು.

ನಾನು ಕುಮಟಾ ಕಡೆಯವನು. ಧಾರವಾಡದಲ್ಲಿ ಚಿತ್ರಕಲೆ ಕಲಿತು ಆರೇಳು ವರ್ಷ ಕ್ಯಾನ್ವಾಸ್ ಹಿಡಿದೆ. ಆಮೇಲೆ ಹೊಟ್ಟೆಪಾಡಿಗೆ ಅಂಗಡಿ ಬೋರ್ಡು, ಯಕ್ಷಗಾನದ ಪೋಸ್ಟರು, ಮದುವೆ ಕಾಗದ, ಕೊನೆಗೆ ಕಂಪ್ಯೂಟರಿನ ಕೋರೆಲ್‌ಡ್ರಾದಲ್ಲಿ ಫ್ಲೆಕ್ಸು. ಕಾವಿ ತಲೆಗೆ ಹೊಕ್ಕಿದ್ದು ಅಂಕೋಲೆಯ ಮಹಾಮಾಯಾ ದೇವಸ್ಥಾನದ ಗೋಡೆಯ ಮುಂದೆ ನಿಂತಾಗ. ಆಮೇಲೆ ಲೇಖಕ ಕೃಷ್ಣಾನಂದ ಕಾಮತರು ಈ ಕಲೆಯ ಬಗ್ಗೆ ಬರೆದದ್ದನ್ನು ಹುಡುಕಿ ಓದಿದೆ. ಬಿಳಿ ಗಾರೆ, ಮೇಲೆ ಹುರಮಂಜಿ ಎಂಬ ಕೆಮ್ಮಣ್ಣಿನ ಕೆಂಪು ಪದರ, ಹಸಿ ಇರುವಾಗಲೇ ಕಂಟ ಎಂಬ ಚೂಪು ಕಡ್ಡಿಯಿಂದ ಕೆರೆಯುವುದು. ಕ್ರಮ ಇಷ್ಟೇ. ಇದು ನನಗೆ ಗೊತ್ತಿತ್ತು, ಆದರೂ ಮೂರು ಸಲ ಸೋತೆ.

ಮೊದಲ ಸಲ ಸಿಮೆಂಟ್ ಗಿಲಾವಿನ ಮೇಲೇ ಹಾಕಿದೆ. ತಿಂಗಳೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಎರಡನೇ ಸಲ ಅಂಗಡಿಯ ಚೀಲದ ಸುಣ್ಣ. ಗೋಡೆ ಚೆಂದ ಕೂತಿತ್ತು. ಹದಿನೈದು ದಿನದ ಮೇಲೆ ನವಿಲಿನ ಕುತ್ತಿಗೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಮುಟ್ಟಿದರೆ ಟಪ್ಪನೆ ಸಿಡಿದು ಕುಳಿ ಬಿತ್ತು, ಒಳಗೆ ಬಿಳಿ ಹುಡಿ. ಸರಿಯಾಗಿ ಅರಳದ ಸುಣ್ಣದ ಹರಳು ಅದು. ಅಂಥ ಕುಳಿ ನೂರರ ಮೇಲಿತ್ತು. ಮೂರನೇ ಸಲ ಏಪ್ರಿಲ್ ಬಿಸಿಲಲ್ಲಿ ಗಾರೆ ಬೇಗ ಒಣಗಿಬಿಟ್ಟಿತು. ಮರುದಿನ ಕೆರೆಯಲು ಹೋದರೆ ಗೆರೆಯ ಅಂಚೆಲ್ಲ ಚಕ್ಕೆ ಚಕ್ಕೆ. ಮೂರಕ್ಕೂ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಮನೆಯವಳ ಬಳೆ ಅಡವಿಟ್ಟ ದುಡ್ಡೂ ಇತ್ತು.

ನಾಲ್ಕನೆಯದಕ್ಕೆ ಅಘನಾಶಿನಿ ಹೊಳೆಯ ಬಳಚಿನ (ಚಿಪ್ಪುಮೀನಿನ) ಚಿಪ್ಪು ಸುಟ್ಟ ಸುಣ್ಣವನ್ನೇ ತಂದು ತಿಂಗಳಿಗೂ ಹೆಚ್ಚು ನೀರಲ್ಲಿಟ್ಟೆ. ಶಾಲೆಯ ಗೋಡೆಯ ಸಿಮೆಂಟ್ ಕೆತ್ತಿಸಿ, ಒಳಗಿನ ಚಿರೇಕಲ್ಲು (ಜಂಬಿಟ್ಟಿಗೆ) ಕಾಣುವಂತೆ ಬಿಡಿಸಿ, ಎರಡು ದಿನ ಪೈಪು ಹಿಡಿದು ನೆನೆಸಿದೆವು. ಸುಣ್ಣ, ತೊಳೆದ ಹೊಳೆಮರಳು, ಬೆಲ್ಲದ ನೀರು ಕಲಸಿಟ್ಟು ಸುಮಾರು ಎರಡು ವಾರ ದಿನಾ ಕುಟ್ಟಿದ್ದು ಊರಿನ ಸ್ವಸಹಾಯ ಸಂಘದ ಹೆಂಗಸರು. ಕುಟ್ಟಿದ್ದು ಸಾಕೋ ಇಲ್ಲವೋ ಅಂತ ನನಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು, ಒನಕೆಯ ಸದ್ದಿನಲ್ಲೇ. ಕೂಲಿ ಕೊಟ್ಟೇ ಮಾಡಿಸಿದೆ. ಸೇವೆ ಅಂತ ಬಿಟ್ಟಿ ದುಡಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಲ್ಲದ ಜೊತೆ ಒಂದು ಸೊಪ್ಪಿನ ಲೋಳೆಯೂ ಬೀಳುತ್ತದೆ. ಯಾವ ಸೊಪ್ಪು, ಎಷ್ಟು ಎಂಬುದು ನನ್ನಲ್ಲೇ ಇರಲಿ.

ದಿನಕ್ಕೆ ಮೂರಡಿ ಚೌಕಕ್ಕಿಂತ ಹೆಚ್ಚು ಹಚ್ಚಲಿಲ್ಲ. ಬೆಳಿಗ್ಗೆ ಗಾರೆ, ಅದರ ಮೇಲೆ ಕೆಂಪು, ಹೊಳೆಕಲ್ಲಿನಿಂದ ಉಜ್ಜಿ ಹೊಳಪು, ಸಂಜೆಯೊಳಗೆ ಕೆರೆದು ಮುಗಿಸಬೇಕು. ಚಿತ್ರವನ್ನು ಪತ್ರಿಕೆಯ ಹಾಳೆಯಲ್ಲಿ ಸೂಜಿಯಿಂದ ಚುಚ್ಚಿ ಇದ್ದಿಲ ಪುಡಿ ತಟ್ಟಿ ಇಳಿಸಿದೆ. ಬೋರ್ಡು ಬರೆದ ಕೈಗೆ ಇದೇನು ಕಷ್ಟವಲ್ಲ. ದೊಡ್ಡ ಮಂಡಲ ಮಾತ್ರ ಮೊಳೆ, ದಾರ ಹಿಡಿದು ನೇರ ಗೋಡೆಯ ಮೇಲೇ ಎಳೆದೆ, ಒಂದು ಕೂದಲೆಳೆ ತಪ್ಪಲಿಲ್ಲ. ಬಿಸಿಲು ತಡೆಯಲು ನನ್ನದೇ ಹಳೇ ಫ್ಲೆಕ್ಸುಗಳನ್ನು ಮುಂದೆ ಕಟ್ಟಿ, ಒಳಗೆ ಒದ್ದೆ ಗೋಣಿ ಇಳಿಬಿಟ್ಟು ಹತ್ತು ದಿನ ತಂಪಾಗಿಟ್ಟೆವು.

ನಡುವೆ ಅರಿಶಿನಕ್ಕೆ ಸುಣ್ಣ ಬೆರೆಸಿ ಬೇರೆ ಕೆಂಪು ಬರುತ್ತದೋ ನೋಡಿದೆ. ಕುಂಕುಮದಂಥ ಬಣ್ಣ ಬಂತು, ಇಪ್ಪತ್ತು ದಿನದ ಬಿಸಿಲಿಗೆ ಮಾಸಿತು. ಒಂದಡಿಯ ಹಲಗೆಗಳ ಮೇಲೆ ಇದೇ ಕಾವಿ ಮಾಡಿ ಸಾವಿರದಿನ್ನೂರರಂತೆ ಮಾರಿದ್ದು ಕೈಹಿಡಿಯಿತು. ಸುಮಾರು ನಲವತ್ತು ಹೋಗಿವೆ, ಬಳೆ ಬಿಡಿಸಿಕೊಂಡಾಯಿತು.

ಬಾಗಿಲ ಪಕ್ಕದ ಕೊಕ್ಕರೆಯ ಕಾಲು ಮಕ್ಕಳ ಕೈ ತಾಗಿ ತಾಗಿ ಸವೆದಿದೆ. ದೀಪಾವಳಿ ಕಳೆದ ಮೇಲೆ ಅಷ್ಟು ಕೆತ್ತಿ ಹೊಸದು ಹಾಕಬೇಕು. ಸುಣ್ಣ ಈಗಲೇ ನೀರಲ್ಲಿದೆ.